ಮೂಡಿಗೆರೆ ಮಳೆಯಲ್ಲಿ ಮೂರು ವರ್ಷ ಓಡಿದ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್

ನನ್ನದು ಯಾವುದೋ ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಟವರ್. ಅದರ ಒಳಗೆ ಕರೆಂಟು ಹಂಚುವ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ನಲ್ಲಿ ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಅಂತ ಬೇರೆ ವೈರೇ ಇಲ್ಲ. ಹಾಗಾಗಿ ಮದರ್‌ಬೋರ್ಡ್ ಸ್ಲಾಟ್ ಕೊಡುವ 75 ವಾಟ್‌ನಲ್ಲೇ ಓಡುವ ಕಾರ್ಡ್ ಬೇಕಿತ್ತು. 1650 ಸರಿಹೋಯಿತು. ಆದರೆ ಎಲ್ಲ 1650 ಹಾಗಿರುವುದಿಲ್ಲ. ಮೊದಲು ಆನ್‌ಲೈನಲ್ಲಿ ತರಿಸಿದ್ದಕ್ಕೆ ಬೇರೆ ವೈರ್ ಕೇಳುವ ಆರು ಪಿನ್ನಿನ ಸಾಕೆಟ್ ಇತ್ತು, ಮಾರಿದವರು ಅದನ್ನು ಎಲ್ಲೂ ಬರೆದಿರಲಿಲ್ಲ. ವಾಪಸ್ ಕಳಿಸಿ ದುಡ್ಡು ಬರುವಷ್ಟರಲ್ಲಿ ತಿಂಗಳಾಯಿತು. ದಯವಿಟ್ಟು ಕಾರ್ಡಿನ ಮೇಲಂಚಿನ ಫೋಟೋ ಕೇಳಿ, ಆ ಸಾಕೆಟ್ ಇದೆಯಾ ನೋಡಿಯೇ ತಗೊಳ್ಳಿ. ಆಮೇಲೆ ಚಿಕ್ಕಮಗಳೂರಿಗೆ ಹೋಗಿ ಕಣ್ಣಾರೆ ನೋಡಿ ಹಳೇದೊಂದು ತಂದೆ, 7,500 ರೂಪಾಯಿ.

ಜೂನ್ ಬಂತೆಂದರೆ ನಮ್ಮಲ್ಲಿ ದಿನಕ್ಕೆ ಐದಾರು ಸಲ ಕರೆಂಟು ಹೋಗುತ್ತದೆ. ಎಲ್ಲೋ ತೋಟದಲ್ಲಿ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ದಿರುತ್ತದೆ. ಮನೆಯೆಲ್ಲ ಕತ್ತಲೆ, ಯುಪಿಎಸ್ ಕೀಂಯ್ ಅನ್ನುತ್ತದೆ, ನಾನು ಆಡುವ ವ್ಯಾಲರಂಟ್ ಗೇಮ್ ಮಾತ್ರ ನಿಲ್ಲುವುದಿಲ್ಲ, ಯಾಕೆಂದರೆ ಇಂಟರ್ನೆಟ್ ರೂಟರನ್ನೂ ಆ ಯುಪಿಎಸ್ಸಿಗೇ ಸಿಕ್ಕಿಸಿದ್ದೇನೆ. ಆ 600 ವಿಎ ಯುಪಿಎಸ್ ತಡೆಯುವುದೇ 360 ವಾಟ್. ಗೆಳೆಯನ ಆರ್‌ಎಕ್ಸ್ 580 ಕಾರ್ಡ್ ಒಂದೇ 185 ವಾಟ್ ಎಳೆಯುತ್ತದೆ, ಕರೆಂಟು ಹೋದ ಕೂಡಲೇ ಅವನ ಯುಪಿಎಸ್ ಕೈಕೊಡುತ್ತದೆ. ಕಾರ್ಡ್ ತಗೊಳ್ಳುವಾಗ ಈ ಲೆಕ್ಕ ನನ್ನ ತಲೆಯಲ್ಲೇ ಇರಲಿಲ್ಲ. ಈಗ ಅದೇ ದೊಡ್ಡ ಖುಷಿ.

ಮಳೆಗಾಲದಲ್ಲಿ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ಮೊದಲು ಸಿಸ್ಟಮ್ ಆನ್ ಮಾಡುತ್ತೇನೆ. ಸುಮ್ನೆ ಹತ್ತು ನಿಮಿಷ ಒಳಗೆಲ್ಲ ಬಿಸಿಯಾಗಲಿ ಅಂತ. ಚಪ್ಪಲಿಗೇ ಬೂಷ್ಟು ಹಿಡಿಯುವ ಊರು, ಅಲ್ವಾ. ಭಾನುವಾರ ಮುಚ್ಚಳ ತೆಗೆದು, ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಬೆರಳಲ್ಲಿ ಹಿಡಿದು, ಪೇಂಟ್ ಬ್ರಷ್‌ನಿಂದ ಮೆಲ್ಲಗೆ ಧೂಳು ತೆಗೆಯುತ್ತೇನೆ. ಮೂರು ವರ್ಷದಲ್ಲಿ ಒಂದು ದಿನವೂ ಅದು ಕಿರಿಕಿರಿ ಸದ್ದು ಮಾಡಿಲ್ಲ.

ಆದರೆ ಈಚೆಗೆ ಬೇಜಾರು ಶುರುವಾಗಿದೆ. ಕಾರ್ಡಿನ 4 ಜಿಬಿ ಮೆಮೊರಿ ಸಾಲುತ್ತಿಲ್ಲ. ಜಿಟಿಎ 5 ಚೆನ್ನಾಗಿಯೇ ಓಡುತ್ತದೆ, ಹೊಸ ಗೇಮ್‌ಗಳಲ್ಲಿ ಮಾತ್ರ ಟೆಕ್ಸ್ಚರ್ (ಗೇಮಿನ ವಸ್ತುಗಳ ಮೇಲ್ಮೈ ಚಿತ್ರ) ಲೋ ಇಟ್ಟರೂ ಪಕ್ಕಕ್ಕೆ ತಿರುಗಿದಾಗೆಲ್ಲ ಒಂದು ಕ್ಷಣ ತಡೆದು ನಿಲ್ಲುತ್ತದೆ. 2025ರಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್ ಅಂತೂ ಬೆಳಕು ನೆರಳನ್ನು ನಿಜದಂತೆ ಲೆಕ್ಕ ಹಾಕುವ ರೇ ಟ್ರೇಸಿಂಗ್ ಹಾರ್ಡ್‌ವೇರನ್ನೇ ಕೇಳುತ್ತದೆ, 1650ರಲ್ಲಿ ಅದಿಲ್ಲ. ಚಿಕ್ಕವನಿದ್ದಾಗಿಂದ ಡೂಮ್ ಆಡಿದವನಿಗೆ ಇದು ನಿಜಕ್ಕೂ ನೋವಾಯಿತು.

ಮುಂದಿನದು ಆರ್‌ಎಕ್ಸ್ 6600. 8 ಜಿಬಿ, 132 ವಾಟ್, ಡೂಮ್ ಕೇಳುವ ಕನಿಷ್ಠ ಕಾರ್ಡುಗಳಲ್ಲಿ ಅದೂ ಒಂದು. ಆದರೆ ಎಂಟು ಪಿನ್ನಿನ ವೈರ್ ಬೇಕು, ಅಂದರೆ ಎಸ್‌ಎಂಪಿಎಸ್ ಬದಲಾಯಿಸಬೇಕು, ನನ್ನ ಟವರಿನ ಬೋರ್ಡಿಗೆ ಮಾಮೂಲಿ ಎಸ್‌ಎಂಪಿಎಸ್ ಕೂರುವುದೂ ಇಲ್ಲ, ಕನ್ವರ್ಟರ್ ಹುಡುಕಬೇಕು. ಖರ್ಚು ಜಾಸ್ತಿ. ಕಾಫಿ ಕುಯ್ಲು ಮುಗಿದು ಕೈಗೆ ದುಡ್ಡು ಬಂದ ಮೇಲೆ ನೋಡುತ್ತೇನೆ. ಈ ಮಳೆಗಾಲಕ್ಕೆ 1650 ಕಳಚುವುದಿಲ್ಲ.