ಕೆರೆಯ ಕಥೆಗೆ ಯಾವ ನಕ್ಷೆ? ದತ್ತಾಂಶ ಮತ್ತು ಸಾಧನಗಳ ಹೋಲಿಕೆ

ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಮೈದಾನ. ಬೆಂಗಳೂರಿನ ಈ ಕಥೆಯನ್ನು ನಕ್ಷೆಯ ಮೇಲೆ ಹೇಳಬೇಕಾದರೆ ಈಗಿಲ್ಲದ ಕೆರೆಯ ಅಂಚು ಎಲ್ಲಿತ್ತೆಂದು ಮೊದಲು ತಿಳಿಯಬೇಕು. ಆ ಅಂಚು ಯಾವ ರೂಪದಲ್ಲಿ ಸಿಗುತ್ತದೋ ಅದನ್ನು ನೋಡಿಕೊಂಡೇ ಸಾಧನ ಆರಿಸಬೇಕು. ಸಾಧನವನ್ನು ಮೊದಲು ಹಿಡಿದರೆ ಅರ್ಧದಾರಿಯಲ್ಲಿ ಕೆಲಸ ಮತ್ತೆ ಮೊದಲಿಂದ ಶುರುವಾಗುತ್ತದೆ.

ಇವತ್ತಿನ ಕೆರೆಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಬರೆಯುವ ಮುಕ್ತ ನಕ್ಷೆ) ಸಾಕು. ಅದರಲ್ಲಿ ಹುಡುಕುವ ಜಾಲತಾಣವಾದ ಓವರ್‌ಪಾಸ್ ಟರ್ಬೊದಲ್ಲಿ, ನೀರಿರುವ ಜಾಗಕ್ಕೆ ಹಾಕುವ natural=water ಟ್ಯಾಗ್ ಬದಲು ಬರೀ ಹೆಸರಿನಿಂದ ಹುಡುಕಿದರೆ ಬಡಾವಣೆ, ಬಸ್ ತಂಗುದಾಣಗಳೆಲ್ಲ ಸೇರಿ ಬರುತ್ತವೆ; ಟ್ಯಾಗ್‌ನಿಂದಲೇ ಹುಡುಕಿ. ನಡುಗಡ್ಡೆ ಇರುವ ಕೆರೆಗಳು ಮಲ್ಟಿಪಾಲಿಗನ್ (ಹಲವು ಗೆರೆಗಳು ಕೂಡಿದ ಆಕೃತಿ) ಆಗಿರುತ್ತವೆ, ಹಾಗಾಗಿ ‘ವೇ’ (ಒಂದು ಗೆರೆ) ಜೊತೆ ‘ರಿಲೇಶನ್’ (ಗೆರೆಗಳ ಗುಂಪು) ಕೂಡ ಕೇಳಬೇಕು. ಇಲ್ಲದಿದ್ದರೆ ದೊಡ್ಡ ಕೆರೆಗಳೇ ಕಾಣೆಯಾಗುತ್ತವೆ.

ಹಿಂದಿನ ಕಾಲಕ್ಕೆ ಮೂರು ದಾರಿಗಳಿವೆ. ಯುರೋಪಿಯನ್ ಕಮಿಷನ್ನಿನ ಗ್ಲೋಬಲ್ ಸರ್ಫೇಸ್ ವಾಟರ್ ದತ್ತಾಂಶ 1984ರಿಂದಿನದು, ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳಿಂದ ತೆಗೆದದ್ದು. ಒಂದು ಪಿಕ್ಸೆಲ್ 30 ಮೀಟರ್. ಒಂದು ಎಕರೆಯ ಕಟ್ಟೆಗೆ ನಾಲ್ಕೂವರೆ ಪಿಕ್ಸೆಲ್ ಮಾತ್ರ. ಅಂತರಗಂಗೆ, ಜೊಂಡು ಮುಚ್ಚಿದ ನೀರು ಉಪಗ್ರಹಕ್ಕೆ ಹಸಿರಾಗಿ ಕಾಣುವುದರಿಂದ ತುಂಬಿದ ಕೆರೆಯೂ ಒಣಗಿದ್ದೆಂದು ದಾಖಲಾಗಬಹುದು. ಧರ್ಮಾಂಬುಧಿಯಂತೂ ಈ ದತ್ತಾಂಶ ಶುರುವಾಗುವ ಎಷ್ಟೋ ಮುಂಚೆ ಬತ್ತಿತ್ತು.

ಆಗ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್ (ನೆಲದ ವಿವರ ತೋರಿಸುವ ಮುದ್ರಿತ ನಕ್ಷೆ) ಬೇಕು. 1:50,000 ಅಳತೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ಕೆರೆ ಎಲ್ಲಿತ್ತೆಂದು ತೋರಿಸಲು ಇದು ಸಾಕು, ಒತ್ತುವರಿ ತೋರಿಸಲು ಸಾಲದು. ಒತ್ತುವರಿಗೆ 1:7,920ರ ಗ್ರಾಮ ನಕಾಶೆಯೇ ಆಧಾರ: ಒಂದು ಮಿಲಿಮೀಟರಿಗೆ ಸುಮಾರು 8 ಮೀಟರ್, ಜೊತೆಗೆ ಸರ್ವೆ ನಂಬರು. ನಮ್ಮ ಮಟ್ಟಿಗೆ ಮೂರರಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ, ಅತಿ ಹೆಚ್ಚು ಕೆಲಸ ಹಿಡಿಯುವುದೂ ಇದೇ. ಸ್ಕ್ಯಾನ್ ಮಾಡಿದ ಹಾಳೆಯನ್ನು ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದ ಜಿಯೋರೆಫರೆನ್ಸರ್‌ನಲ್ಲಿ, ನೆಲದ ಗೊತ್ತಿರುವ ಬಿಂದುಗಳಿಗೆ ಹೊಂದಿಸಿ ಕೂರಿಸುವಾಗ ಮೂರು ಬಿಂದು ಕೊಟ್ಟರೂ ಲೆಕ್ಕ ಮುಗಿಯುತ್ತದೆ, ಆದರೆ ತಪ್ಪು ಎಷ್ಟೆಂದು ಗೊತ್ತಾಗುವುದಿಲ್ಲ. ಎಂಟು ಬಿಂದು ಕೊಡಿ. ಹಳೆಯ ದೇವಸ್ಥಾನ, ಕೆರೆ ಏರಿಯ ತುದಿ, ಮೂರು ಊರುಗಳ ಗಡಿ ಕೂಡುವ ಕಲ್ಲು ಇವು ನಂಬಿಕೆಗೆ ಯೋಗ್ಯ. ರಸ್ತೆಯ ತಿರುವುಗಳನ್ನು ಬಿಡಿ, ಅವು ಸರಿದಿರುತ್ತವೆ. ಹಳೆಯ ಟೋಪೋಶೀಟುಗಳ ಅಂಚಿನ ಅಕ್ಷಾಂಶ, ರೇಖಾಂಶಗಳು ಎವರೆಸ್ಟ್ ಡೇಟಂನವು (ಅಕ್ಷಾಂಶ, ರೇಖಾಂಶ ಅಳೆಯುವ ಹಳೆಯ ಆಧಾರ). ಅವನ್ನು ಇಂದಿನ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಎಂದುಕೊಂಡು ಕೂರಿಸಿದರೆ ಇಡೀ ಕೆರೆ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಜರುಗುತ್ತದೆ.

ವಿಸ್ತೀರ್ಣವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯದಲ್ಲಿ (ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 32643) ಲೆಕ್ಕ ಹಾಕಿ. ಜಾಲತಾಣದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್‌ನಲ್ಲಿ ಬೆಂಗಳೂರಿನ ಕೆರೆ ಶೇ 5ರಷ್ಟು ಉಬ್ಬುತ್ತದೆ. 40 ಎಕರೆ 42 ಎಕರೆಯಾದರೆ ಪಹಣಿ ಹಿಡಿದು ಓದುವವರು ಆ ಕಥೆಯನ್ನು ನಂಬುವುದಿಲ್ಲ.

ಸಾಧನಗಳ ಪೈಕಿ ಗೂಗಲ್ ಮೈ ಮ್ಯಾಪ್ಸ್ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸಕ್ಕೆ ಸರಿ. ಹತ್ತು ಪದರಗಳ ಮಿತಿಯಿದೆ, ಕಥೆಗೆ ಅನುಕ್ರಮವಿರುವುದಿಲ್ಲ. ನೈಟ್ ಲ್ಯಾಬ್‌ನ ಸ್ಟೋರಿಮ್ಯಾಪ್‌ಜೆಎಸ್‌ನಲ್ಲಿ ಅನುಕ್ರಮವಿದೆ, ಕೋಡ್ ಬೇಡ. ಆದರೆ ಒಂದು ಸ್ಲೈಡಿಗೆ ಒಂದು ಬಿಂದು. ಕೆರೆಯನ್ನು ಚುಕ್ಕೆಯಾಗಿ ತೋರಿಸಿದರೆ ಅದು ಕುಗ್ಗಿದ್ದು ಕಾಣುವುದೇ ಇಲ್ಲ. ಆರ್ಕ್‌ಜಿಐಎಸ್ ಸ್ಟೋರಿಮ್ಯಾಪ್ಸ್‌ನ ಸ್ವೈಪ್ ಸೌಲಭ್ಯ ಅಂದು-ಇಂದು ಹೋಲಿಸಲು ತುಂಬಾ ಚೆನ್ನಾಗಿದೆ. ನಿಮ್ಮ ಕಾಲೇಜಿನಲ್ಲಿ ಪರವಾನಗಿ ಇದ್ದರೆ ಬಳಸಿ, ಆದರೆ ಓದು ಮುಗಿದು ಖಾತೆ ಹೋದ ಮೇಲೆ ಕಥೆ ಎಲ್ಲಿರುತ್ತದೆ ಎಂದು ಮೊದಲೇ ಯೋಚಿಸಿ.

ಕೋಡ್ ಬರೆಯಬಲ್ಲವರ ಮುಂದೆ ಉಳಿಯುವುದು ಜಾಲಪುಟದಲ್ಲಿ ನಕ್ಷೆ ಮೂಡಿಸುವ ಕೋಡ್ ಸಂಗ್ರಹಗಳಾದ ಲೀಫ್‌ಲೆಟ್ ಮತ್ತು ಮ್ಯಾಪ್‌ಲಿಬ್ರೆ. ನಕ್ಷೆ ಓರೆಯಾಗಿ ತಿರುಗಬೇಕು, ಸ್ಕ್ರಾಲ್‌ಗೆ ತಕ್ಕಂತೆ ಹಾರಬೇಕು ಅಂದರೆ ಮ್ಯಾಪ್‌ಲಿಬ್ರೆ ಮುಂದೆ. ಆದರೆ ಸಾಮಾನ್ಯ ಗ್ಲಿಫ್ (ಅಕ್ಷರರೂಪ) ಕಡತಗಳಿಂದ ಅದು ಅಕ್ಷರಗಳನ್ನು ಬಿಡಿಬಿಡಿಯಾಗಿ ಜೋಡಿಸುತ್ತದೆ. ‘ಅಕ್ಕಿತಿಮ್ಮನಹಳ್ಳಿ’ಯ ಒತ್ತಕ್ಷರಗಳು ಕೆಳಗಿಳಿಯದೆ ಹಲಂತವಾಗಿ ಒಡೆದು ನಿಲ್ಲುತ್ತವೆ. ಹೆಸರುಗಳನ್ನು ಅದರ ಸಿಂಬಲ್ ಪದರದಲ್ಲಿ (ನಕ್ಷೆಯೇ ಅಕ್ಷರ ಬರೆಯುವ ಪದರ) ಇಡದೆ ಎಚ್‌ಟಿಎಂಎಲ್ ಮಾರ್ಕರ್ ಆಗಿ ಇಟ್ಟರೆ ಬ್ರೌಸರೇ ಕನ್ನಡವನ್ನು ಸರಿಯಾಗಿ ಬರೆಯುತ್ತದೆ. ಲೀಫ್‌ಲೆಟ್‌ನಲ್ಲಿ ಟೂಲ್‌ಟಿಪ್, ಪಾಪ್ಅಪ್‌ಗಳೆಲ್ಲ ಎಚ್‌ಟಿಎಂಎಲ್ ಆದ್ದರಿಂದ ಈ ತೊಂದರೆಯೇ ಬರದು. ಮೂವತ್ತು ನಲವತ್ತು ಕೆರೆಗಳ ಕನ್ನಡ ಕಥೆಗೆ ಅದೇ ನಮ್ಮ ಆಯ್ಕೆ.

ಕೊನೆಗೆ ಒಂದು ಪರೀಕ್ಷೆ. ನಕ್ಷೆಯ ದತ್ತಾಂಶ ಇಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು (77.59, 12.97), ಲೀಫ್‌ಲೆಟ್‌ನ ಮಾರ್ಕರಿನಲ್ಲಿ ಅಕ್ಷಾಂಶ ಮೊದಲು. ಇವೆರಡು ಅದಲುಬದಲಾಗಿ ಕೆರೆಗಳು ನಕ್ಷೆಯಲ್ಲಿ ಕಾಣದಿದ್ದರೆ ಜೂಮ್ ಹಿಂದಕ್ಕೆ ಎಳೆದು ಉತ್ತರ ಧ್ರುವದ ಕಡೆ, ಸ್ವಾಲ್‌ಬಾರ್ಡ್ ಪಕ್ಕದ ಸಮುದ್ರದಲ್ಲಿ ನೋಡಿ.