ಹಳೆ ಹಾಯಿದೋಣಿಗೆ ಕಿಟಕಿ ಮಾಡಿಕೊಟ್ಟ ಹೆಬ್ಬಾಳದ ಬೋರ್ಡ್ ಅಂಗಡಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ ನಾಮಫಲಕಕ್ಕೆ ಅಕ್ಷರ ಕತ್ತರಿಸಿಕೊಡುವ ಒಂದು ಚಿಕ್ಕ ಆಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಅಂಗಡಿ ಇದೆ. ಹೋದ ಜೂನ್‌ನಲ್ಲಿ ಬಿರುಕು ಬಿಟ್ಟ ಎರಡು ಕಿಟಕಿ ಹಿಡಿದುಕೊಂಡು ಅಲ್ಲಿಗೆ ಹೋದೆ. "ಯಾವ ಬಸ್ಸಿಂದು ಸಾರ್?" ಅಂದ ಹುಡುಗ. "ಬಸ್ಸಿಂದಲ್ಲಪ್ಪ, ಹಾಯಿದೋಣಿದು" ಅಂದೆ. ಅವನು ಸೀದಾ ಒಳಗೆ ಹೋಗಿ ಮಾಲೀಕರನ್ನೇ ಕರಕೊಂಡು ಬಂದ.

ದೋಣಿ ನನ್ನ ಅಳಿಯನದು. 19 ಅಡಿಯ ಹಳೇ ಫೈಬರ್ ದೋಣಿ, ಇಬ್ಬರು ಮಲಗುವಷ್ಟು ಕ್ಯಾಬಿನ್ ಇದೆ. ಇರುವುದು ಮಲ್ಪೆಯಲ್ಲಿ. ಮಳೆಗಾಲದಲ್ಲಿ ಅಲ್ಲಿ ಕಡಲಿಗೆ ಇಳಿಯುವ ಹಾಗೂ ಇಲ್ಲ, ನೀರು ಸೋರದಂತೆ ಕಿಟಕಿ ಕೂರಿಸುವ ಪ್ಯಾಕಿಂಗ್ ಕೆಲಸಕ್ಕೆ ಬೇಕಾದ ನಾಲ್ಕು ಒಣ ದಿನವೂ ಸಿಗುವುದಿಲ್ಲ. ಹಾಗಾಗಿ ಟ್ರೈಲರ್ ಮೇಲೆ ಘಟ್ಟ ಹತ್ತಿಸಿ ಬೆಳಗೊಳದ ನಮ್ಮ ತೋಟದ ಶೆಡ್ಡಿಗೆ ತಂದೆವು. ನಾನು ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ 31 ವರ್ಷ ಬೋಗಿಗಳ ಕೆಲಸ ಮಾಡಿದವನು. "ನೀವಿದ್ದೀರಲ್ಲ ಮಾವ" ಅಂದ ಅಳಿಯ. ಅಷ್ಟು ಸಾಕಿತ್ತು ನನಗೆ.

ಬಿಚ್ಚಿದ ಮೇಲೆ ಗೊತ್ತಾಯಿತು ಹಿಂದಿನವರು ಏನು ಮಾಡಿದ್ದರು ಅಂತ. ಬಚ್ಚಲುಮನೆಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕೋನ್ ಬಳಿದು, ತಲೆ ಹೂತುಹೋಗುವ ಕೌಂಟರ್‌ಸಿಂಕ್ ಸ್ಕ್ರೂಗಳನ್ನು ಬಿಗಿಯಾಗಿ ತಿರುಗಿಸಿದ್ದರು. ಆ ಸ್ಕ್ರೂವಿನ ತಲೆ ಬೆಣೆ ಹೊಡೆದ ಹಾಗೆ ಪ್ಲಾಸ್ಟಿಕ್ಕನ್ನು ಸೀಳುತ್ತದೆ. ಪ್ರತಿ ತೂತಿನ ಸುತ್ತಲೂ ನಕ್ಷತ್ರದಂತೆ ಬಿರುಕು. ಅದಕ್ಕಿಂತ ನೋವಾದದ್ದು ಒಳಗಿನ ಸ್ಥಿತಿ ನೋಡಿ. ಕ್ಯಾಬಿನ್ನಿನ ಗೋಡೆಯಲ್ಲಿ ಎರಡು ಫೈಬರ್ ಪದರದ ನಡುವೆ ಪ್ಲೈವುಡ್ ಇತ್ತು, ಸ್ಕ್ರೂ ತೂತಿನಿಂದ ಇಳಿದ ನೀರು ಅದನ್ನು ನೆನೆದ ರಟ್ಟಿನ ಹಾಗೆ ಮಾಡಿತ್ತು. ಕೊಳೆತದ್ದನ್ನೆಲ್ಲ ಕೆರೆದು, ಒಂದು ವಾರ ಫ್ಯಾನ್ ಹಾಕಿ ಒಣಗಿಸಿ, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿ, ಅದು ಗಟ್ಟಿಯಾದ ಮೇಲೆ ಹೊಸ ತೂತು ಕೊರೆದೆ. ಈಗ ಬೋಲ್ಟಿನ ಸುತ್ತ ಮರವೇ ಇಲ್ಲ, ಎಪಾಕ್ಸಿ ಮಾತ್ರ.

ಇನ್ನು ಅಂಗಡಿಯ ವಿಷಯ. ಮಾಲೀಕರು ಹಳೆ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಿ ಮೊದಲು ಕೇಳಿದ್ದು, "ಬಿಸಿಲಲ್ಲಿ ಎಷ್ಟು ಹೊತ್ತು ಇರುತ್ತೆ ಸಾರ್?" ದಿನಪೂರ್ತಿ ಅಂದೆ. ಹಾಗಾದರೆ ಯಂತ್ರದಲ್ಲಿ ಒತ್ತಿ ತೆಗೆದ ಎಕ್ಸ್‌ಟ್ರೂಡೆಡ್ ಶೀಟ್ ಬೇಡ, ಅಚ್ಚಿಗೆ ಹೊಯ್ದ ಕಾಸ್ಟ್ ಶೀಟೇ ಹಾಕೋಣ ಅಂದರು. ಎಕ್ಸ್‌ಟ್ರೂಡೆಡ್ ಅಗ್ಗ, ಆದರೆ ಥಿನ್ನರಿನಂಥದ್ದು ತಾಕಿದರೆ ಬೇಗ ಕೂದಲೆಳೆಯ ಬಿರುಕು ಬಿಡುತ್ತದೆ. ಲೇಸರ್ ಯಂತ್ರ ಪಕ್ಕದಲ್ಲೇ ಇದ್ದರೂ ಇದನ್ನು ತಿರುಗುವ ಅಲಗಿನ ರೌಟರ್ ಯಂತ್ರದಲ್ಲೇ ಕತ್ತರಿಸಬೇಕು ಅಂತಲೂ ಅವರೇ ಹೇಳಿದರು. ಲೇಸರ್ ಕೊಡುವ ಅಂಚು ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಶಾಖದ ಒತ್ತಡ ಆ ಅಂಚಿನಲ್ಲೇ ಉಳಿದು ಮುಂದೆ ಬಿರುಕಿಗೆ ದಾರಿಯಾಗುತ್ತದೆ. ಗಿರಾಕಿ ಕೇಳದೆಯೇ ಇಷ್ಟು ಹೇಳುವವರು ಎಷ್ಟು ಜನ ಸಿಗುತ್ತಾರೆ? ನನಗೆ ಇದೇ ಆ ಅಂಗಡಿಯ ದೊಡ್ಡ ಗುಣ.

ನಾನು ಹಠ ಹಿಡಿದದ್ದು ತೂತಿನ ಅಳತೆಗೆ. ಆಕ್ರಿಲಿಕ್ ಬಿಸಿಲಿಗೆ ತುಂಬಾ ಹಿಗ್ಗುತ್ತದೆ. ಒಂದು ಮೀಟರ್ ಉದ್ದಕ್ಕೆ 30 ಡಿಗ್ರಿ ಏರಿದರೆ ಸುಮಾರು 2 ಮಿಲಿಮೀಟರ್. ಫೈಬರ್ ಅಷ್ಟು ಹಿಗ್ಗುವುದಿಲ್ಲ. ನಮ್ಮ ಕಿಟಕಿ 70 ಸೆಂಟಿಮೀಟರ್, ಅಂದರೆ ಒಂದೂವರೆ ಮಿಲಿಮೀಟರಿನಷ್ಟು ಆಚೀಚೆ ಆಗುತ್ತದೆ. ಬೋಲ್ಟು 5 ಮಿಲಿಮೀಟರಿನದು, ತೂತು 7 ಇರಲೇಬೇಕು ಅಂತ ಬರೆದುಕೊಟ್ಟಿದ್ದೆ. ಎರಡನೇ ಕಿಟಕಿಗೆ ಹುಡುಗ "ಬೋಲ್ಟು 5 ಅಲ್ವಾ" ಅಂದುಕೊಂಡು 5 ಕೊರೆದುಬಿಟ್ಟಿದ್ದ. ವಾಪಸ್ ತೆಗೆದುಕೊಂಡು ಹೋದೆ. ಮಾಲೀಕರು ಒಂದು ಮಾತೂ ಆಡದೆ ಅದನ್ನು ಮತ್ತೆ ರೌಟರಿಗೆ ಏರಿಸಿ ಹದಿನಾರು ತೂತನ್ನೂ ದೊಡ್ಡದು ಮಾಡಿಕೊಟ್ಟರು, ಕಾಸು ತೆಗೆದುಕೊಳ್ಳಲಿಲ್ಲ. 6 ಮಿಲಿಮೀಟರ್ ದಪ್ಪದ, ಹೊಗೆಬಣ್ಣದ ಸ್ಮೋಕ್ ಶೀಟ್, ಕತ್ತರಿಸಿದ ಕೂಲಿ, ಅಂಚು ಉಜ್ಜಿದ್ದು ಎಲ್ಲ ಸೇರಿ ಎರಡಕ್ಕೂ 2,600 ರೂಪಾಯಿ. ನಾಲ್ಕು ದಿನ ಅಂದವರು ಹನ್ನೊಂದು ದಿನ ಮಾಡಿದರು. ಫೋನ್ ಎತ್ತುವುದಿಲ್ಲ, ಖುದ್ದಾಗಿ ಹೋಗಿ ನಿಲ್ಲಬೇಕು. ಅವಸರದ ಕೆಲಸ ಇದ್ದವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಪ್ಯಾಕಿಂಗಿಗೆ ಹಾಕಿದ್ದು ಬ್ಯೂಟೈಲ್ ಎಂಬ ಮೆತ್ತನೆ ರಬ್ಬರಿನ ಟೇಪ್. ಶೀಟ್ ಮನೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುವುದು ಬೆಳ್ಳಿಹಾಳೆ ಅಂಟಿಸಿದ್ದು, ಒಂದೇ ಕಡೆ ಹಿಡಿಯುವುದು. ಅದು ನಡೆಯುವುದಿಲ್ಲ. ಎರಡೂ ಕಡೆ ಹಿಡಿಯುವ, 3 ಮಿಲಿಮೀಟರ್ ದಪ್ಪದ್ದನ್ನು ಆನ್‌ಲೈನಿನಲ್ಲಿ ತರಿಸಿದೆ. ಇದು ಗಟ್ಟಿಯಾಗದ ವಸ್ತು, ಚೂಯಿಂಗ್ ಗಮ್ಮಿನ ಹಾಗೆ ಎಳೆದಷ್ಟೂ ಬರುತ್ತದೆ. ಅದಕ್ಕೇ ಕಿಟಕಿ ಹಿಗ್ಗಿ ಕುಗ್ಗಿದರೂ ಬಿಟ್ಟುಕೊಳ್ಳುವುದಿಲ್ಲ. ಆದರೆ ಇದು ಅಂಟಲ್ಲ, ಬೋಲ್ಟ್ ಬೇಕೇ ಬೇಕು. ಬೋಲ್ಟಿಲ್ಲದೆ ಬರೀ ಅಂಟಿಸುವ ಕಿಟಕಿಯಾದರೆ ಕಟ್ಟಡದ ಗಾಜಿಗೆ ಬಳಸುವ, ವಿನೆಗರ್ ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್ ಬೇರೆಯೇ ದಾರಿ.

ಹಳೆ ಸಿಲಿಕೋನಿನ ಜಿಡ್ಡು ಚೂರು ಉಳಿದರೂ ಅದರ ಮೇಲೆ ಯಾವುದೂ ಹಿಡಿಯುವುದಿಲ್ಲ. ಮೂರು ದಿನ ಕೆರೆದೆ, ಎಮರಿ ಹಾಳೆ ಹೊಡೆದೆ, ಫೈಬರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಕಿಟಕಿಗೆ ಮಾತ್ರ ಸೋಪಿನ ನೀರು. ಥಿನ್ನರಿನ ಹಾಗೇ ಆಕ್ರಿಲಿಕ್ಕಿಗೆ ಬಿರುಕು ತರುವ ಅಸಿಟೋನ್ ಡಬ್ಬಿಯನ್ನು ಶೆಡ್ಡಿನಿಂದಲೇ ಆಚೆ ಇಡಿಸಿದ್ದೆ. ತಲೆಯ ಅಡಿಭಾಗ ಚಪ್ಪಟೆ ಇರುವ, ಹೂತುಹೋಗದ ಬೋಲ್ಟು, ಅಗಲ ವಾಷರ್, ಪ್ರತಿ ಬೋಲ್ಟಿನ ಕುತ್ತಿಗೆಗೆ ಒಂದು ಸುತ್ತು ಬ್ಯೂಟೈಲ್. ಮೊದಲ ದಿನ ಕೈಬಿಗಿ ಅಷ್ಟೇ. ಆಮೇಲೆ ದಿನಕ್ಕೆ ಕಾಲು ಸುತ್ತಿನಂತೆ ನಾಲ್ಕು ದಿನ, ಮಧ್ಯಾಹ್ನದ ಬಿಸಿಲಿನಲ್ಲಿ, ಟೇಪ್ ಮೆತ್ತಗಿರುವಾಗ. ಒಂದೇ ಸಲಕ್ಕೆ ಬಿಗಿದರೆ ಎಲ್ಲ ಹೊರಗೆ ಹಿಂಡಿಹೋಗಿ ಒಳಗೆ ಏನೂ ಉಳಿಯುವುದಿಲ್ಲ. ಹೊರಗೆ ಉಬ್ಬಿದ್ದನ್ನು ಸೋಪುನೀರಲ್ಲಿ ಅದ್ದಿದ ಬಿದಿರಿನ ಕಡ್ಡಿಯಿಂದ ಕತ್ತರಿಸಿದೆ. ಇದರ ಒಂದು ದೋಷ, ಆ ಕಪ್ಪು ಅಂಚಿಗೆ ಧೂಳು ಮೆತ್ತಿಕೊಳ್ಳುತ್ತದೆ. ಆಗಾಗ ಒರೆಸಬೇಕು.

ಬೋಗಿಗೆ ನೀರು ಬಿಟ್ಟು ನೋಡುತ್ತಿದ್ದ ಹಾಗೇ ಇದಕ್ಕೂ ಮಾಡಿದೆ. ಒಳಗಡೆ ಕಿಟಕಿಯ ಸುತ್ತ ಟಿಶ್ಯೂ ಕಾಗದ ಅಂಟಿಸಿ, ತೋಟದ ಪೈಪಿನಲ್ಲಿ ಕೆಳಗಿನಿಂದ ಶುರುಮಾಡಿ ಮೇಲಕ್ಕೆ ನೀರು ಬಿಟ್ಟೆವು. ಮೇಲಿಂದಲೇ ಬಿಟ್ಟರೆ ಎಲ್ಲಿ ಸೋರಿತು ಅಂತ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷ ಆದ ಮೇಲೆ ಅಳಿಯ ಒಳಗಿನಿಂದ, "ಒಣಗೇ ಇದೆ ಮಾವ, ಒಂದು ಹನಿ ಇಲ್ಲ" ಅಂತ ಕೂಗಿದ. ಶೆಡ್ಡಿನಿಂದ ಹೊರಗೆ ನಿಲ್ಲಿಸಿದ ಮೇಲೆ ಎರಡು ಜೋರು ಮಳೆ ಬಂದು ಹೋದವು, ಕಾಗದ ಹಾಗೇ ಇತ್ತು.

ಮುಂದಿನ ಮೂತಿಯ ಸಣ್ಣ ಕಿಟಕಿ ಇನ್ನೂ ಬಾಕಿ ಇದೆ. ಅದರ ರಟ್ಟಿನ ಅಚ್ಚು ಕತ್ತರಿಸಿ, ಪ್ರತಿ ತೂತಿನ ಪಕ್ಕ "7" ಅಂತ ಕೆಂಪಿನಲ್ಲಿ ಬರೆದು, ಮೊನ್ನೆ ಸೋಮವಾರ ಅದೇ ಅಂಗಡಿಗೆ ಕೊಟ್ಟು ಬಂದಿದ್ದೇನೆ.