ಬಿಲ್ಲಿಂಗ್ ಕಂಪ್ಯೂಟರ್: ಮುಚ್ಚಿದ್ದಾ, ತೆರೆದದ್ದಾ?

ಮಾಟುಂಗಾದ ಹೋಟೆಲಿಗೆ ಹೊಸ ಬಿಲ್ಲಿಂಗ್ ಕಂಪ್ಯೂಟರ್ ಬೇಕಾ? ಅದರ ಸಾಫ್ಟ್‌ವೇರ್ ಎರಡು ಬಗೆ: ಕೋಡನ್ನು ಕಂಪನಿಯೇ ಗುಟ್ಟಾಗಿ ಇಟ್ಟುಕೊಳ್ಳುವ ಮುಚ್ಚಿದ್ದು, ಯಾರು ಬೇಕಾದರೂ ನೋಡಿ ತಿದ್ದಬಹುದಾದ ತೆರೆದದ್ದು. ಮೊದಲು ತಾರೀಖಿನ ಕಥೆ ನೋಡಿ. ಮುಚ್ಚಿದ ಬಗೆಯ ಎಕ್ಸೆಲ್‌ನಲ್ಲಿ 1900ರ ಫೆಬ್ರವರಿ 29 ಎಂಬ ಇಲ್ಲದ ದಿನ ಇವತ್ತಿಗೂ ಇದೆ. ಲೋಟಸ್ 1-2-3 ಎಂಬ ಹಳೇ ಲೆಕ್ಕದ ಸಾಫ್ಟ್‌ವೇರಿನ ತಪ್ಪನ್ನು ಹೊಂದಾಣಿಕೆಗೆಂದು ಹಾಗೇ ಉಳಿಸಿಕೊಂಡರು, ನಾವು ತಿದ್ದುವ ಹಾಗಿಲ್ಲ. ನಿಮ್ಮ ಲೆಕ್ಕಕ್ಕೆ ಅದರಿಂದ ತೊಂದರೆಯಿಲ್ಲ, ಬಿಡಿ. ತಲೆನೋವು ಜಾಸ್ತಿ ಇರುವುದು 2038ರಲ್ಲಿ: 1970ರಿಂದ ಸೆಕೆಂಡುಗಳನ್ನು 32 ಬಿಟ್‌ನಲ್ಲಿ (ಅಂದರೆ 32 ಸೊನ್ನೆ-ಒಂದುಗಳ ಜಾಗದಲ್ಲಿ) ಎಣಿಸುವ ಹಳೇ ವ್ಯವಸ್ಥೆಗಳಿಗೆ ಜನವರಿ 19ರ ಬೆಳಿಗ್ಗೆ 8:44ಕ್ಕೆ, ಸರಿಯಾಗಿ ಇಡ್ಲಿ-ವಡೆ ರಶ್ಶಿನಲ್ಲೇ, ಜಾಗ ಮುಗಿದು ತಾರೀಖು 1901ಕ್ಕೆ ಹಾರಬಹುದು. ತೆರೆದ ಬಗೆಯ ಲಿನಕ್ಸ್‌ನ ಕರ್ನಲ್, ಅಂದರೆ ಅದರ ತಿರುಳು, 32 ಬಿಟ್ ಯಂತ್ರಗಳಿಗೂ 2020ರಲ್ಲೇ ಇದಕ್ಕೆ ದಾರಿ ಮಾಡಿತು, ಕೋಡನ್ನು ಯಾರು ಬೇಕಾದರೂ ನೋಡಬಹುದು. ಆದರೆ ಅಪ್‌ಡೇಟ್ ಹಾಕುವ ಹುಡುಗ ಬೇಕಲ್ವಾ? ಅವನು ಸಿಕ್ಕರೆ ಲಿನಕ್ಸೇ ತಗೊಳ್ಳಿ. ಇಲ್ಲದಿದ್ದರೆ ಮುಚ್ಚಿದ್ದೇ ಇರಲಿ, ಆದರೆ 2038ಕ್ಕೆ ಏನು ಮಾಡುತ್ತಾರೆಂದು ಮಾರುವವರಿಂದ ಬರೆಸಿಕೊಳ್ಳಿ.